ತೆಳು ಕಾಂಕ್ರೀಟ್ ಛಾವಣಿಗಳೂ ಅವುಗಳೊಳಗಿನ ಕಬ್ಬಿಣವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಕೇಂದ್ರವನ್ನು ಕಟ್ಟಿ ಬೆಳೆಸಿದ ಗುರುಗಳನ್ನೂ, ಉಪದೇಶಿಗಳನ್ನೂ, ಕನ್ಯಾಸ್ತ್ರೀಯರನ್ನೂ ಕುರಿತು ಬಲ್ಲವರು ಬರೆದಿದ್ದಾರೆ. ನಾವು ಆರಿಸಿಕೊಂಡಿರುವ ವಿಷಯವು ಓದುಗರಿಗೆ ತುಸು ವಿಚಿತ್ರವೆನಿಸಬಹುದು. ದೇವಾಲಯದ ಬಲಬದಿಯಲ್ಲಿ ಒಂದೇ ಕಂಬದ ಮೇಲೆ, ಗಾಳಿಗೆ ಮಗುಚಿಕೊಂಡ ಕೊಡೆಯಂತೆ ಹರಡಿ ನಿಂತಿರುವ ಕಾಂಕ್ರೀಟ್ ಛಾವಣಿಯನ್ನು ನೀವೆಲ್ಲರೂ ‘ಕೊಡೆ ಮಂಟಪ’ವೆಂದೇ ಕರೆಯುತ್ತೀರಿ. ಭಾನುವಾರದ ಧರ್ಮೋಪದೇಶದ ತರಗತಿ ನಡೆಯುವುದು ಅದರ ಕೆಳಗೆ. ಹಬ್ಬದ ದಿನ ಎಲೆ ಹಾಕುವುದೂ ಅಲ್ಲಿಯೇ. 1960ರ ದಶಕದಲ್ಲಿ ಕಟ್ಟಿದ ಆ ಮಂಟಪದ ಕೆಳಮೈಯಲ್ಲಿ ಈಗ ಕಂದು ಗೆರೆಗಳು ಮೂಡಿವೆ. ಕಂಬದ ತಲೆಯ ಹತ್ತಿರ ಒಂದೆಡೆ ಗಾರೆ ಉದುರಿ ತುಕ್ಕು ಹಿಡಿದ ಕಂಬಿಯೇ ಕಾಣುತ್ತಿದೆ.

ಇದನ್ನು ಕೆಡವಿ ತಗಡು ಹೊದಿಸೋಣವೆಂದು ಕೆಲವರು ಹೇಳುತ್ತಾರೆ. ಇಷ್ಟು ವರ್ಷ ನಿಂತದ್ದು ಇನ್ನೂ ನಿಂತೀತು, ಉತ್ಸವಕ್ಕೆ ಮುಂಚೆ ಬಣ್ಣ ಬಳಿದರೆ ಸಾಕೆಂದು ಮತ್ತೆ ಕೆಲವರು ಹೇಳುತ್ತಾರೆ. ಎರಡು ಪಕ್ಷದವರೂ ಮಂಟಪವನ್ನು ಪ್ರೀತಿಸುವವರೇ. ಆದರೆ ಆ ತೆಳುವಾದ ಕಾಂಕ್ರೀಟಿನೊಳಗೆ ಏನಿದೆ, ಏಕಿದೆ ಎಂಬುದನ್ನು ಅರಿಯದೆ ಯಾವ ನಿರ್ಧಾರಕ್ಕೂ ಬರಲಾಗದು. ಆದುದರಿಂದ ಇಂತಹ ಛಾವಣಿಗಳ ಇತಿಹಾಸವನ್ನು ನಾವು ಓದಿ ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇವೆ.

ಸಂತ ಪೇತ್ರರ ಗುಮ್ಮಟದ ಬಳೆಗಳು

ಈ ಇತಿಹಾಸವನ್ನು ಕಾಂಕ್ರೀಟಿಗಿಂತ ಬಹು ಹಿಂದಿನಿಂದ, ರೋಮಾಪುರಿಯಿಂದಲೇ ಆರಂಭಿಸಬೇಕಾಗಿದೆ. ಮೈಕೆಲೇಂಜಲೊ ಕಲ್ಪಿಸಿದ ಸಂತ ಪೇತ್ರರ ಮಹಾದೇವಾಲಯದ ಗುಮ್ಮಟವು ಅವರು ತೀರಿಕೊಂಡ ಮೇಲೆ, 1590ರಲ್ಲಿ ಮುಚ್ಚಲ್ಪಟ್ಟಿತು. ಅದರ ಅಡ್ಡಳತೆ ಸುಮಾರು 42 ಮೀಟರು. ನೂರೈವತ್ತು ವರ್ಷ ಕಳೆಯುವಷ್ಟರಲ್ಲಿ ಅದರ ಮೈಯಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕುಗಳು ಹರಡಿದ್ದವು. ಗುಮ್ಮಟವು ಬಿದ್ದೇ ಹೋಗುತ್ತದೆಂಬ ಮಾತು ಪಟ್ಟಣದಲ್ಲೆಲ್ಲ ಹಬ್ಬಿತು.

ಆಗ ಪೀಠದಲ್ಲಿದ್ದವರು ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು. ಗುರುಮಠದಲ್ಲಿದ್ದಾಗ ನಾವು ಅವರ ಹೆಸರನ್ನು ಧರ್ಮಸಭೆಯ ನಿಯಮಗಳ ಸಂಬಂಧದಲ್ಲಿ ಓದಿದ್ದೆವೇ ಹೊರತು ಗುಮ್ಮಟದ ಸಂಬಂಧದಲ್ಲಿ ಓದಿರಲಿಲ್ಲ. ಅವರು 1742ರಲ್ಲಿ ಮೂವರು ಗಣಿತಜ್ಞರನ್ನು ಕರೆಸಿದರು: ಯೇಸುಸಭೆಯ ಬಾಸ್ಕೊವಿಚ್, ಮಿನಿಮ್ ಸಭೆಯ ಲ ಸಿಯರ್ ಮತ್ತು ಜಾಕಿಯೆ. ಮೂವರೂ ಸನ್ಯಾಸ ಸಭೆಗಳಿಗೆ ಸೇರಿದವರು. ಕೊನೆಯ ಇಬ್ಬರು ನ್ಯೂಟನ್ನರ ಮಹಾಗ್ರಂಥಕ್ಕೆ ವ್ಯಾಖ್ಯಾನ ಬರೆದು ಪ್ರಕಟಿಸಿದ ವಿದ್ವಾಂಸರು. ಕಟ್ಟಡವೊಂದರ ಬಲಾಬಲವನ್ನು ಮೇಸ್ತ್ರಿಯ ಅನುಭವದಿಂದ ಮಾತ್ರವಲ್ಲದೆ ಲೆಕ್ಕದಿಂದಲೂ ಅಳೆಯಲು ನಡೆದ ಮೊದಮೊದಲ ಪ್ರಯತ್ನಗಳಲ್ಲಿ ಇದು ಒಂದು.

ಅನಂತರ ಪಾದುವ ವಿಶ್ವವಿದ್ಯಾನಿಲಯದ ಪೊಲೇನಿ ಎಂಬ ಪಂಡಿತರಿಗೂ ಕರೆ ಹೋಯಿತು. ಅವರು ಗುಮ್ಮಟವನ್ನು ಕಿತ್ತಳೆಯ ತೊಳೆಗಳಂತೆ ಭಾಗಗಳಾಗಿ ಎಣಿಸಿ, ಆಯಾ ಭಾಗದ ತೂಕಕ್ಕೆ ಅನುಗುಣವಾದ 32 ಸೀಸದ ಗುಂಡುಗಳನ್ನು ದಾರಕ್ಕೆ ಪೋಣಿಸಿ ಇಳಿಬಿಟ್ಟು ನೋಡಿದರು. ಹಾಗೆ ಇಳಿಬಿದ್ದ ದಾರದ ಆಕಾರವನ್ನು ತಲೆಕೆಳಗು ಮಾಡಿದರೆ ಕಲ್ಲಿನ ಭಾರವು ನೆಲಕ್ಕೆ ಹರಿದುಬರುವ ದಾರಿ ದೊರೆಯುತ್ತದೆ. ಆ ದಾರಿಯು ಗೋಡೆಯ ದಪ್ಪದೊಳಗೇ ಇರುವುದರಿಂದ ಗುಮ್ಮಟವು ಕೂಡಲೇ ಬೀಳುವಂತಹುದಲ್ಲ, ಆದರೂ ಅದಕ್ಕೆ ಕಬ್ಬಿಣದ ಬಳೆಗಳನ್ನು ತೊಡಿಸುವುದು ಲೇಸು ಎಂದು ಅವರು ಅಭಿಪ್ರಾಯಪಟ್ಟರು. ಅದರಂತೆ ಐದು ಬಳೆಗಳನ್ನು ಹಾಕಲಾಯಿತು. ಗುಮ್ಮಟದಲ್ಲಿ ಮೊದಲಿನಿಂದ ಇದ್ದ ಹಳೆಯ ಬಳೆಯೊಂದು ಒಳಗೇ ಮುರಿದಿರುವುದು ಬೆಳಕಿಗೆ ಬಂದಾಗ 1748ರಲ್ಲಿ ಆರನೆಯದನ್ನೂ ತೊಡಿಸಿದರು.

ಬಳೆ ಏಕೆ ಬೇಕಾಯಿತು? ಅರ್ಧಗೋಳದ ಗುಮ್ಮಟವು ತನ್ನದೇ ಭಾರದಿಂದ ಕೆಳಗಿಳಿಯಲು ಯತ್ನಿಸುವಾಗ ಅದರ ನೆತ್ತಿಯ ಭಾಗವು ಒಳಕ್ಕೆ ಒತ್ತಿಕೊಳ್ಳುತ್ತದೆ, ಬುಡದ ಭಾಗವು ಹೊರಕ್ಕೆ ಅಗಲಿಕೊಳ್ಳುತ್ತದೆ. ನೆತ್ತಿಯಿಂದ ಸುಮಾರು 52 ಡಿಗ್ರಿ ಕೆಳಗೆ ಒತ್ತು ಮುಗಿದು ಎಳೆತ ಆರಂಭವಾಗುತ್ತದೆ. ಕಲ್ಲು ಮತ್ತು ಗಾರೆ ಒತ್ತನ್ನು ಬಲ್ಲವು, ಎಳೆತವನ್ನು ತಾಳಲಾರವು. ಆ ಎಳೆತವನ್ನು ಕಬ್ಬಿಣವೇ ಹೊರಬೇಕು. ಮುಂದೆ ಬರಲಿರುವ ಎಲ್ಲ ಕಾಂಕ್ರೀಟ್ ಚಿಪ್ಪುಗಳಿಗೂ ಇದೇ ಮೂಲಪಾಠ.

ಮೊಟ್ಟೆಯ ಚಿಪ್ಪಿಗಿಂತ ತೆಳುವಾದದ್ದು

ಕಾಂಕ್ರೀಟು ಕಲ್ಲಿನ ತಮ್ಮನಿದ್ದಂತೆ. ಅದುಮಿದರೆ ಗಟ್ಟಿ, ಎಳೆದರೆ ದುರ್ಬಲ. ಎಳೆತದಲ್ಲಿ ಅದರ ಶಕ್ತಿ ಒತ್ತಿನಲ್ಲಿರುವುದರ ಹತ್ತರಲ್ಲಿ ಒಂದು ಪಾಲಿನಷ್ಟು. ಫ್ರಾನ್ಸಿನ ತೋಟಗಾರ ಜೋಸೆಫ್ ಮೊನಿಯೆ ಎಂಬಾತನು ಒಳಗೆ ಕಬ್ಬಿಣದ ತಂತಿಬಲೆಯಿಟ್ಟು ಸಿಮೆಂಟಿನ ಹೂಕುಂಡಗಳನ್ನು ಮಾಡಿ 1867ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಕಬ್ಬಿಣ ಮತ್ತು ಕಾಂಕ್ರೀಟು ಬಿಸಿಲಿಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಲ್ಲದೆ ಕಾಂಕ್ರೀಟಿನ ಕ್ಷಾರಗುಣವು ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಈ ಎರಡು ಗುಣಗಳು ಇಲ್ಲದಿದ್ದರೆ ಅವುಗಳ ಸಂಸಾರವು ಬಾಳುತ್ತಲೇ ಇರಲಿಲ್ಲ.

ನಿಜವಾದ ತೆಳುಚಿಪ್ಪು ಹುಟ್ಟಿದ್ದು ಜರ್ಮನಿಯ ಯೇನಾ ಪಟ್ಟಣದಲ್ಲಿ, ನಕ್ಷತ್ರಗಳನ್ನು ತೋರಿಸುವ ಸಲುವಾಗಿ. ಅಲ್ಲಿಯ ಝೈಸ್ ಕಾರ್ಖಾನೆಯವರಿಗೆ ಕೃತಕ ಆಕಾಶವನ್ನು ಮೂಡಿಸಲು ಗೋಳಾಕಾರದ ನಯವಾದ ಮೇಲ್ಛಾವಣಿ ಬೇಕಾಗಿತ್ತು. ವಾಲ್ಟರ್ ಬೌಅರ್ಸ್‌ಫೆಲ್ಡ್ ಎಂಬ ವಿಜ್ಞಾನಿ 1922ರ ಸುಮಾರಿಗೆ ಮೊದಲು ಸಣ್ಣ ಕಬ್ಬಿಣದ ಸರಳುಗಳಿಂದ ಗೋಳದ ಬಲೆಯನ್ನೇ ಹೆಣೆದು ನಿಲ್ಲಿಸಿದರು. ಅನಂತರ ಡಿಕರ್‌ಹಾಫ್ ಮತ್ತು ವಿಡ್‌ಮನ್ ಸಂಸ್ಥೆಯವರು ಅದರ ಮೇಲೆ ಕಾಂಕ್ರೀಟನ್ನು ಸಿಂಪಡಿಸಿದರು. 16 ಮೀಟರು ಅಗಲದ ಆ ಗುಮ್ಮಟದ ದಪ್ಪ ಕೇವಲ 3 ಸೆಂಟಿಮೀಟರು. ಕೋಳಿಮೊಟ್ಟೆಯ ಅಗಲವು ಅದರ ಚಿಪ್ಪಿನ ದಪ್ಪದ ಸುಮಾರು 120 ಪಾಲಿನಷ್ಟಿದ್ದರೆ, ಈ ಗುಮ್ಮಟದ ಅಗಲವು ದಪ್ಪದ 533 ಪಾಲು! ಆ ಸಂಸ್ಥೆಯ ಎಂಜಿನಿಯರುಗಳಾದ ಡಿಷಿಂಗರ್ ಮತ್ತು ಫಿನ್ಸ್ಟರ್‌ವಾಲ್ಡರ್ ಮುಂದೆ ಇಂತಹ ಚಿಪ್ಪುಗಳ ಗಣಿತವನ್ನು ಬೆಳೆಸಿದರು.

ಮೆಕ್ಸಿಕೋದ ಕೊಡೆಗಳು

ನಮ್ಮ ಕೊಡೆ ಮಂಟಪದ ವಂಶಾವಳಿಯನ್ನು ಹುಡುಕಬೇಕಾದರೆ ಮೆಕ್ಸಿಕೋ ದೇಶಕ್ಕೆ ಹೋಗಬೇಕು. ಫೆಲಿಕ್ಸ್ ಕಾಂದೆಲ 1910ರಲ್ಲಿ ಸ್ಪೇನಿನ ಮದ್ರಿದ್ ನಗರದಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಸ್ಪೇನಿನ ಅಂತರ್ಯುದ್ಧದಲ್ಲಿ ಸೋತ ಗಣರಾಜ್ಯದ ಪಕ್ಷದಲ್ಲಿದ್ದ ಅವರು ಫ್ರಾನ್ಸಿನ ನಿರಾಶ್ರಿತರ ಶಿಬಿರವನ್ನು ಕಂಡು, 1939ರಲ್ಲಿ ಬರಿಗೈಯಲ್ಲಿ ಮೆಕ್ಸಿಕೋ ಸೇರಿದರು. ಅಲ್ಲಿ 1950ರಲ್ಲಿ ತಮ್ಮ ಒಡಹುಟ್ಟಿದವರೊಡನೆ ಕಟ್ಟಡದ ಸಂಸ್ಥೆಯೊಂದನ್ನು ಸ್ಥಾಪಿಸಿ, ಗೋದಾಮು, ಮಾರುಕಟ್ಟೆ, ಕಾರ್ಖಾನೆಗಳಿಗೆ ಅಗ್ಗದ ಕಾಂಕ್ರೀಟ್ ಕೊಡೆಗಳನ್ನು ಕಟ್ಟಿಕೊಡತೊಡಗಿದರು. ಅದೇ ಕೊಡೆಯನ್ನು ಓರೆಮಾಡಿ, ಮಡಿಸಿ, ಎತ್ತರಕ್ಕೆ ಏರಿಸಿ ಅವರು 1953ರಿಂದ 1955ರವರೆಗೆ ಮೆಕ್ಸಿಕೋ ನಗರದಲ್ಲಿ ಪವಾಡ ಪದಕದ ಮಾತೆಯ ದೇವಾಲಯವನ್ನು ಕಟ್ಟಿದರು. ಗೋದಾಮಿಗಾಗಿ ಹುಟ್ಟಿದ ಆಕಾರವು ಮಾತೆ ಮರಿಯಮ್ಮನವರ ಆಲಯವಾಯಿತು. ಚಿಪ್ಪಿನ ದಪ್ಪ ಸುಮಾರು 4 ಸೆಂಟಿಮೀಟರು ಮಾತ್ರ. 1985ರ ಮಹಾಭೂಕಂಪದಲ್ಲಿ ಆ ನಗರದ ನೂರಾರು ಕಟ್ಟಡಗಳು ನೆಲಸಮವಾದರೂ ಈ ದೇವಾಲಯ ಉಳಿಯಿತು.

ಈ ಕೊಡೆಯ ಗುಟ್ಟು ಅದರ ವಕ್ರತೆಯಲ್ಲಿದೆ. ಕುದುರೆಯ ಜೀನಿನಂತೆ ಅದು ಒಂದು ದಿಕ್ಕಿನಲ್ಲಿ ಕಮಾನಿನ ಹಾಗೆ ಮೇಲಕ್ಕೆ ಬಾಗಿರುತ್ತದೆ, ಅದಕ್ಕೆ ಅಡ್ಡಲಾಗಿ ತೂಗುಹಗ್ಗದ ಹಾಗೆ ಕೆಳಕ್ಕೆ ಬಾಗಿರುತ್ತದೆ. ಇಷ್ಟಾದರೂ ಅಂಚಿಗೆ ಸಮನಾಗಿ ಎಲ್ಲಿ ಕೋಲನ್ನಿಟ್ಟರೂ ಕೋಲು ನೇರವಾಗಿ ಕೂರುತ್ತದೆ. ಆದುದರಿಂದ ನೇರವಾದ ಹಲಗೆಗಳಿಂದಲೇ ಬಡಗಿಯು ಸೆಂಟ್ರಿಂಗ್ ಕಟ್ಟಬಲ್ಲನು. ಕಮಾನಿನ ದಿಕ್ಕಿನಲ್ಲಿ ಒತ್ತು. ಅದನ್ನು ಕಾಂಕ್ರೀಟು ಹೊರುತ್ತದೆ. ತೂಗುಹಗ್ಗದ ದಿಕ್ಕಿನಲ್ಲಿ ಎಳೆತ. ಅದನ್ನು ಕಂಬಿ ಹೊರುತ್ತದೆ.

ಲೆಕ್ಕವನ್ನು ನೋಡೋಣ. ನಮ್ಮ ಮಂಟಪದಷ್ಟೇ, ಅಂದರೆ 12 ಮೀಟರು ಚೌಕದ ಕೊಡೆಯೆಂದು ಇಟ್ಟುಕೊಳ್ಳಿ. ಅದರಲ್ಲಿ ನಾಲ್ಕು ಕಾಲುಭಾಗಗಳು, ಒಂದೊಂದೂ 6 ಮೀಟರು ಚೌಕ. ಅಂಚಿನಿಂದ ಕಂಬದ ತಲೆಗೆ ಇಳಿತ ಒಂದೂವರೆ ಮೀಟರು. 5 ಸೆಂಟಿಮೀಟರು ದಪ್ಪದ ಕಾಂಕ್ರೀಟು ಚದರ ಮೀಟರಿಗೆ 125 ಕಿಲೋ ತೂಗುತ್ತದೆ. ಮೇಲಿನ ನೀರುತಡೆ ಗಾರೆಗೂ ಹತ್ತಿ ಕೆಲಸ ಮಾಡುವ ಜನರಿಗೂ ಅಷ್ಟೇ ಸೇರಿಸಿದರೆ 250 ಕಿಲೋ. ಈ ಭಾರವನ್ನು ಕಾಲುಭಾಗದ ಎರಡು ಬದಿಗಳಿಂದ ಗುಣಿಸಿ, ಇಳಿತದ ಎರಡರಷ್ಟರಿಂದ ಭಾಗಿಸಬೇಕು. 250ನ್ನು 6ರಿಂದಲೂ ಮತ್ತೆ 6ರಿಂದಲೂ ಗುಣಿಸಿ 3ರಿಂದ ಭಾಗಿಸಿದರೆ 3,000 ಬರುತ್ತದೆ. ಅಂದರೆ ಚಿಪ್ಪಿನ ಒಂದೊಂದು ಮೀಟರು ಅಗಲಕ್ಕೂ 3,000 ಕಿಲೋ ಒತ್ತು ಒಂದು ದಿಕ್ಕಿನಲ್ಲಿ, ಅಷ್ಟೇ ಎಳೆತ ಇನ್ನೊಂದು ದಿಕ್ಕಿನಲ್ಲಿ.

ಈ ಒತ್ತು ಕಾಂಕ್ರೀಟಿನ ಒಂದು ಚದರ ಸೆಂಟಿಮೀಟರಿಗೆ 6 ಕಿಲೋದಷ್ಟೇ ಆಗುತ್ತದೆ. 150 ಕಿಲೋ ತಾಳುವ ಸಾಧಾರಣ ಕಾಂಕ್ರೀಟಿಗೆ ಇದು ಲೆಕ್ಕಕ್ಕಿಲ್ಲ. ಎಳೆತಕ್ಕಾದರೋ, ಚದರ ಸೆಂಟಿಮೀಟರಿಗೆ 1,400 ಕಿಲೋ ಹೊರಿಸಬಹುದಾದ ಮೆದು ಉಕ್ಕಿನ ಕಂಬಿ ಮೀಟರಿಗೆ 2.14 ಚದರ ಸೆಂಟಿಮೀಟರಿನಷ್ಟು ಬೇಕು. 8 ಮಿಲಿಮೀಟರಿನ ಕಂಬಿಯನ್ನು 20 ಸೆಂಟಿಮೀಟರಿಗೊಂದರಂತೆ ಎಳೆತದ ದಿಕ್ಕಿನಲ್ಲಿಯೇ ಹಾಸಿದರೆ ಸಾಕು. ಕಂಬಿ ಕಟ್ಟುವವರಿಗೆ ಸುಲಭವಾಗಲೆಂದು ಅಂಚಿಗೆ ಸಮನಾಗಿ ಎರಡೂ ಕಡೆ ಹಾಸುವುದಾದರೆ, ಎಳೆತಕ್ಕೆ ಓರೆಯಾಗುವುದರಿಂದ ಎರಡು ಕಡೆಗೂ ಅಷ್ಟಷ್ಟೇ ಬೇಕು, ಉಕ್ಕು ಇಮ್ಮಡಿಯಾಗುತ್ತದೆ. ಇಳಿತವನ್ನು ಒಂದೂವರೆ ಮೀಟರಿನಿಂದ ಮುಕ್ಕಾಲು ಮೀಟರಿಗೆ ತಗ್ಗಿಸಿದರೂ ಎಳೆತ ಇಮ್ಮಡಿಯಾಗುತ್ತದೆ. ಎಷ್ಟು ಕಬ್ಬಿಣ ಬೇಕೆಂಬುದನ್ನು ಹೀಗೆ ಆಕಾರವೇ ತೀರ್ಮಾನಿಸುತ್ತದೆ.

ಚಿಪ್ಪಿನ ಹೊರ ಅಂಚಿನಲ್ಲಿ ಸ್ಥಿತಿ ಬೇರೆ. ಮೂಲೆಯಲ್ಲಿ ಸೊನ್ನೆಯಾಗಿದ್ದ ಎಳೆತವು ಮೀಟರಿಗೆ 3,000 ಕಿಲೋದಂತೆ ಕೂಡುತ್ತಾ ಬಂದು ಅಂಚಿನ ನಡುವೆ 18,000 ಕಿಲೋ ಆಗುತ್ತದೆ. ಅಲ್ಲಿ 25 ಮಿಲಿಮೀಟರಿನ ಮೂರು ದಪ್ಪ ಕಂಬಿಗಳೇ ಬೇಕು. ಚಿಪ್ಪು ದಪ್ಪನೆಯ ತೊಲೆಯನ್ನು ಸೇರುವೆಡೆಯಲ್ಲಿ ಮಣಿತವೂ ಉಂಟಾಗುವುದರಿಂದ ಅಲ್ಲಿ ಹೆಚ್ಚಿನ ಕಂಬಿಯನ್ನೂ ಹೆಚ್ಚಿನ ದಪ್ಪವನ್ನೂ ಕೊಡಬೇಕು. ಲೆಕ್ಕದಲ್ಲಿ ಎಳೆತವೇ ಬಾರದ ಸ್ಥಳದಲ್ಲಿಯೂ ಕಾಂಕ್ರೀಟು ಒಣಗಿ ಕುಗ್ಗುವಾಗ ಸೀಳದಂತೆ ಸಣ್ಣ ಕಂಬಿಯ ಬಲೆ ಇರಲೇಬೇಕು.

ನಮ್ಮ ದೇಶಕ್ಕೆ ಬಂದ ಬಗೆ

ಸ್ವಾತಂತ್ರ್ಯಾನಂತರದ ಎರಡು ದಶಕಗಳಲ್ಲಿ ನಮ್ಮಲ್ಲಿ ಉಕ್ಕು, ಸಿಮೆಂಟುಗಳೆರಡಕ್ಕೂ ಬರವಿತ್ತು, ಕೂಲಿ ಅಗ್ಗವಾಗಿತ್ತು. ಕಡಮೆ ಸಾಮಗ್ರಿ, ಹೆಚ್ಚು ಕೈಗೆಲಸ ಬೇಡುವ ಚಿಪ್ಪಿನ ಛಾವಣಿಯು ಅಂತಹ ದೇಶಕ್ಕೆ ಹೇಳಿ ಮಾಡಿಸಿದಂತಿತ್ತು. ರೂರ್ಕಿಯಲ್ಲಿ ಜಿ. ಎಸ್. ರಾಮಸ್ವಾಮಿಯವರು ಚಿಪ್ಪುಗಳ ಬಗ್ಗೆ ಸಂಶೋಧನೆ ನಡೆಸಿದರು. 1968ರಲ್ಲಿ ಪ್ರಕಟವಾದ ಅವರ ಗ್ರಂಥವು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ಭಾರತೀಯ ಮಾನಕ ಸಂಸ್ಥೆಯು 1962ರಲ್ಲಿಯೇ ಇಂತಹ ಛಾವಣಿಗಳ ವಿನ್ಯಾಸಕ್ಕೂ ನಿರ್ಮಾಣಕ್ಕೂ ನಿಯಮಾವಳಿಗಳನ್ನು ಹೊರಡಿಸಿತು. ವಿನ್ಯಾಸದ ನಿಯಮಾವಳಿ 1988ರಲ್ಲಿ ಪರಿಷ್ಕೃತವಾಯಿತು. ಕಂಬಿಗಳ ನಡುವಣ ಅಂತರವು ಚಿಪ್ಪಿನ ದಪ್ಪದ ಐದರಷ್ಟನ್ನು ಮೀರಕೂಡದೆಂಬುದು ಅದರ ಒಂದು ವಿಧಿ. ಕೂಲಿಯೂ ಸೆಂಟ್ರಿಂಗ್ ಮರದ ಬೆಲೆಯೂ ಏರಿದಂತೆ ಮೆಕ್ಸಿಕೋದಲ್ಲಿ ಆದ ಹಾಗೆಯೇ ನಮ್ಮಲ್ಲಿಯೂ ಇವು ಅಪರೂಪವಾದವು. ನಮ್ಮ ಮಂಟಪವು ಆ ಕಾಲದ ಕೂಸು.

ಎರಡು ದುರಂತಗಳ ಪಾಠ

1965ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ಇಂಗ್ಲೆಂಡಿನ ಫೆರ್ರಿಬ್ರಿಜ್ ವಿದ್ಯುತ್ ಸ್ಥಾವರದಲ್ಲಿ ನೀರು ತಣಿಸುವ ಎಂಟು ಕಾಂಕ್ರೀಟ್ ಗೋಪುರಗಳ ಪೈಕಿ ಮೂರು ಬಿರುಗಾಳಿಗೆ ಕುಸಿದುಬಿದ್ದವು. 114 ಮೀಟರು ಎತ್ತರದ ಆ ಚಿಪ್ಪುಗಳ ದಪ್ಪ ಸುಮಾರು 13 ಸೆಂಟಿಮೀಟರು. ನಡುವೆ ಒಂದೇ ಪದರದ ಕಂಬಿ. ಗಾಳಿಯ ರಭಸವನ್ನು ಅಳೆಯುವಾಗ ಕ್ಷಣಕಾಲ ಬೀಸುವ ಹೊಡೆತವನ್ನು ಬಿಟ್ಟು ಸರಾಸರಿಯನ್ನು ಹಿಡಿದದ್ದೂ, ಗೋಪುರಗಳು ಗುಂಪಾಗಿ ನಿಂತಾಗ ಗಾಳಿಯ ವರ್ತನೆ ಬದಲಾಗುವುದನ್ನು ಎಣಿಸದಿದ್ದುದೂ ಕಾರಣವಾಯಿತು. ಇಲ್ಲಿ ಒಂದು ಸೂಕ್ಷ್ಮವಿದೆ. ಸ್ವಂತ ತೂಕವು ಕೆಳಕ್ಕೆ 10 ಪಾಲು ಅದುಮುತ್ತಿದೆ, ಗಾಳಿಯು ಮೇಲಕ್ಕೆ 11 ಪಾಲು ಎಳೆಯುತ್ತಿದೆ ಎಂದುಕೊಳ್ಳಿ. ಕಂಬಿ ಹೊರಬೇಕಾದದ್ದು 1 ಪಾಲು. ಗಾಳಿ 12 ಪಾಲಾಯಿತೆನ್ನಿ. ಅದು ಹತ್ತರಲ್ಲೊಂದು ಪಾಲೂ ಹೆಚ್ಚಲಿಲ್ಲ, ಆದರೆ ಕಂಬಿಯ ಹೊರೆ ಇಮ್ಮಡಿಯಾಯಿತು.

ಎರಡನೆಯದು ಬರ್ಲಿನ್ ನಗರದ ಸಮ್ಮೇಳನ ಭವನ. 1957ರಲ್ಲಿ ಕಟ್ಟಿದ ಅದರ ಬಾಗಿದ ಕಾಂಕ್ರೀಟ್ ಛಾವಣಿಯ ದಕ್ಷಿಣದ ಚಾಚು 1980ರ ಮೇ 21ರಂದು ಕಳಚಿಬಿದ್ದು ಒಬ್ಬರು ಪ್ರಾಣ ತೆತ್ತರು. ಒಳಗೆ ಬಿಗಿದಿದ್ದ ಉಕ್ಕು ಇಪ್ಪತ್ತಮೂರು ವರ್ಷಗಳಲ್ಲಿ ಯಾರ ಕಣ್ಣಿಗೂ ಬೀಳದಂತೆ ತುಕ್ಕು ಹಿಡಿದು ಸವೆದಿತ್ತು. ಅವರು ಆ ಭವನವನ್ನು ಕೈಬಿಡಲಿಲ್ಲ. 1987ರಲ್ಲಿ ಛಾವಣಿಯನ್ನು ಹೊಸದಾಗಿ ಕಟ್ಟಿದರು.

ನಮ್ಮ ಮಂಟಪಕ್ಕೆ ಬಂದರೆ

5 ಸೆಂಟಿಮೀಟರು ದಪ್ಪದ ಚಿಪ್ಪಿನಲ್ಲಿ 8 ಮಿಲಿಮೀಟರಿನ ಎರಡು ಪದರ ಕಂಬಿಗಳು 1.6 ಸೆಂಟಿಮೀಟರನ್ನು ತುಂಬುತ್ತವೆ. ಉಳಿದುದನ್ನು ಮೇಲಕ್ಕೂ ಕೆಳಕ್ಕೂ ಹಂಚಿದರೆ ಕಂಬಿಗೆ ಹೊದಿಕೆಯಾಗಿ ದೊರೆಯುವುದು 1.7 ಸೆಂಟಿಮೀಟರು, ಒಂದು ಬೆರಳಿನ ದಪ್ಪ. ಕಾಂಕ್ರೀಟು ಹಾಕುವ ದಿನ ಯಾರೋ ಬಲೆಯ ಮೇಲೆ ಕಾಲಿಟ್ಟು ಅದು 1 ಸೆಂಟಿಮೀಟರು ಜಗ್ಗಿದ್ದರೆ ಕೆಳಗೆ ಉಳಿದದ್ದು 7 ಮಿಲಿಮೀಟರು ಮಾತ್ರ. ಗಾಳಿಯೂ ತೇವವೂ ಅಷ್ಟನ್ನು ದಾಟಿ ಒಳಹೊಕ್ಕಾಗ ಕಾಂಕ್ರೀಟಿನ ಕ್ಷಾರಗುಣ ಕುಂದಿ ತುಕ್ಕು ಹುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಎರಡರಷ್ಟಕ್ಕೂ ಹೆಚ್ಚು ಜಾಗ ಬೇಡುವುದರಿಂದ ಹೊದಿಕೆಯನ್ನು ಒಡೆದು ಉದುರಿಸುತ್ತದೆ. 8 ಮಿಲಿಮೀಟರಿನ ಕಂಬಿಯ ಸುತ್ತಲೂ 1 ಮಿಲಿಮೀಟರು ತಿಂದುಹೋದರೆ ಅದರ ಶಕ್ತಿಯಲ್ಲಿ ಶೇಕಡ 44ರಷ್ಟು ಹೋಯಿತು.

ಮಗುಚಿದ ಕೊಡೆಯ ಮೇಲೆ ಬಿದ್ದ ಮಳೆಯೆಲ್ಲ ನಡುವಿಗೆ ಹರಿದು ಕಂಬದೊಳಗಿನ ಕೊಳವೆಯಿಂದ ಇಳಿಯಬೇಕು. ಮಂಟಪದ ಮೇಲೆ ಚಾಚಿರುವ ಮರದ ಎಲೆಗಳು ಆ ಕೊಳವೆಯ ಬಾಯನ್ನು ಮುಚ್ಚಿದ್ದವು. ನೀರು ಮಳೆಗಾಲವೆಲ್ಲ ಕಂಬದ ತಲೆಯಲ್ಲಿ ನಿಂತಿತು. ತುಕ್ಕು ಕಾಣಿಸಿಕೊಂಡಿರುವುದೂ ಸರಿಯಾಗಿ ಅಲ್ಲಿಯೇ.

ಇಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಐದು ವರ್ಷಗಳ ಹಿಂದೆ, ನಾವು ಈ ಧರ್ಮಕೇಂದ್ರಕ್ಕೆ ಬಂದ ಮೊದಲ ವರ್ಷದಲ್ಲಿ, ಆ ಕಂದು ಗೆರೆಯನ್ನು ಕಂಡಿದ್ದೆವು. ಹಬ್ಬ ಹತ್ತಿರವಿತ್ತು. ಗಾರೆ ಮೆತ್ತಿಸಿ ಸುಣ್ಣ ಬಳಿಸಿದೆವು. ಛಾವಣಿ ಬೆಳ್ಳಗಾಯಿತು, ಎಲ್ಲರೂ ಮೆಚ್ಚಿದರು. ಮೇಲೆ ಹತ್ತಿ ಕೊಳವೆಯ ಬಾಯನ್ನು ನೋಡಿಸುವ ಬುದ್ಧಿ ನಮಗೆ ಬರಲಿಲ್ಲ. ಐದು ಮಳೆಗಾಲಗಳ ನೀರು ಆ ಸುಣ್ಣದ ಹಿಂದೆ ತನ್ನ ಕೆಲಸವನ್ನು ಮಾಡಿತು. ಅದರ ಕೆಳಗೆ ಪ್ರತಿ ಭಾನುವಾರ ನಿಮ್ಮ ಮಕ್ಕಳು ಕುಳಿತಿದ್ದರು.

ಆದುದರಿಂದ ಧರ್ಮೋಪದೇಶದ ತರಗತಿಯನ್ನು ಸದ್ಯಕ್ಕೆ ದೇವಾಲಯದ ಜಗಲಿಗೆ ಸ್ಥಳಾಂತರಿಸಿದ್ದೇವೆ. ಈ ಬಾರಿಯ ಹಬ್ಬದ ಊಟವೂ ಮಂಟಪದ ಕೆಳಗೆ ನಡೆಯುವುದಿಲ್ಲ. ಕೊಳವೆಯನ್ನು ಬಿಡಿಸಲಾಗಿದೆ. ಕಟ್ಟಡಗಳ ಬಲವನ್ನು ಪರೀಕ್ಷಿಸಬಲ್ಲ ಎಂಜಿನಿಯರೊಬ್ಬರು ಬಂದು ಚಿಪ್ಪನ್ನು ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದು ಬರುವಲ್ಲಿ ಬಿಡಿಸಿ, ಕಂಬಿ ಎಷ್ಟು ಉಳಿದಿದೆಯೆಂದು ಅಳೆಯಬೇಕು. ಅಂಚಿನ ಮೂರು ದಪ್ಪ ಕಂಬಿಗಳನ್ನು ವಿಶೇಷವಾಗಿ ನೋಡಬೇಕು. ಅವು ಗಟ್ಟಿಯಾಗಿದ್ದರೆ, ಸವೆದೆಡೆ ಹೊಸ ಕಂಬಿ ಸೇರಿಸಿ, ಹೊದಿಕೆ ಕೊಟ್ಟು, ಮೇಲ್ಮೈಗೆ ನೀರುತಡೆ ಮಾಡಿ ಮಂಟಪವನ್ನು ಉಳಿಸಿಕೊಳ್ಳಬಹುದು. ಅವೇ ಸವೆದುಹೋಗಿದ್ದರೆ ಕೆಡವಬೇಕಾಗುತ್ತದೆ. ಆಗ ನಾವು ಅದಕ್ಕೆ ಅಡ್ಡಬರುವುದಿಲ್ಲ.

ಜಗದ್ಗುರು ಬೆನೆಡಿಕ್ಟರು ಬಿರುಕು ಬಿಟ್ಟ ಗುಮ್ಮಟವನ್ನು ಹೆದರಿ ಕೆಡವಲಿಲ್ಲ, ಬಿರುಕಿಗೆ ಬಣ್ಣವನ್ನೂ ಬಳಿಸಲಿಲ್ಲ. ಬಲ್ಲವರನ್ನು ಕರೆಸಿ ಕೇಳಿದರು, ಅವರು ಹೇಳಿದಂತೆ ಮಾಡಿದರು. ನಮ್ಮ ಹಿರಿಯರು ಕೂಲಿಯ ಹಣದಲ್ಲಿ ಕಾಸುಕಾಸು ಕೂಡಿಸಿ, ಬಲಿಪೂಜೆಯಾದ ಮೇಲೆ ತಾವೇ ಜಲ್ಲಿ ಹೊತ್ತು ಕಟ್ಟಿದ ಮಂಟಪಕ್ಕೆ ಅಷ್ಟು ವಿಚಾರಣೆಯನ್ನಾದರೂ ನಾವು ಸಲ್ಲಿಸಬೇಕು. ಪರೀಕ್ಷೆಯ ವರದಿ ಬಂದ ದಿನ ಅದನ್ನು ದೇವಾಲಯದ ಬಾಗಿಲಲ್ಲಿ ಎಲ್ಲರೂ ಓದುವಂತೆ ಅಂಟಿಸುತ್ತೇವೆ. ಮುಂದಿನ ಮಳೆಗಾಲಕ್ಕೆ ಮೊದಲು ಛಾವಣಿಯ ಎಲೆ ತೆಗೆಯುವ ಕೆಲಸವನ್ನು ಯುವಕ ಸಂಘದವರು ವಹಿಸಿಕೊಳ್ಳಬೇಕೆಂದು ಕೋರುತ್ತೇವೆ. ಪ್ರಭುವು ನಿಮ್ಮೆಲ್ಲರನ್ನೂ, ನಿಮ್ಮ ಮಕ್ಕಳನ್ನೂ ಕಾಪಾಡಲಿ.